ಅವ್ವನ ಅರಿವೆಯಲ್ಲಿ ಕಟ್ಟಿದ ಮಣ್ಣು

ಕೊಲ್ಹಾಪುರದ ಕಾಲೇಜಿನಲ್ಲಿ ಬಾಯಾರ ಫೋಟೋಕ್ಕೆ ಹಾರ ಹಾಕಿದ ದಿನ ನಾನೂ ಹೋಗಿದ್ದೆ. ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ಭಾಷಣ ಮಾಡಿದವರೆಲ್ಲ ಮರಾಠಿಯಲ್ಲಿ ಶಿಸ್ತು ಅಂದರು, ತ್ಯಾಗ ಅಂದರು, ದೊಡ್ಡ ವಿಜ್ಞಾನಿ ಅಂದರು. ಬಾಯಾರು ನಗುತ್ತಿದ್ದರು ಅಂತ ಒಬ್ಬರೂ ಹೇಳಲಿಲ್ಲ. ಎದ್ದು ಹೋಗಬೇಕು ಅನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಅವರ ತಾಯಿ ಕೈಮಾಡಿ ಕರೆದರು.

"ಮಿಸ್ತ್ರಿ, ಎಲ್ಲಾರೂ ಬರದ ಕೊಡತಾರಂತ, ಪುಸ್ತಕಾ ಮಾಡತಾರಂತ. ಎಲ್ಲಾ ಮರಾಠಿ. ನನಗ ಕನ್ನಡ ಅಷ್ಟ ಓದಾಕ ಬರತೈತಿ. ನೀ ಬರಿ."

"ಆಯಿ, ನಾ ಎಂಟನೇತ್ತಾ ನಪಾಸ್ ಆದಾಂವ ರೀ."

"ನಪಾಸ್ ಆದವ್ರಿಗೆ ಕೈ ಇರೂದಿಲ್ಲೇನು?"

ಅದಕ್ಕೇ ಬರೆಯುತ್ತಿದ್ದೇನೆ. ನಾನು ಇಚಲಕರಂಜಿಯಲ್ಲಿ ಫ್ರಿಜ್ ರಿಪೇರಿ ಮಾಡುವವನು. ಹುಟ್ಟಿದ್ದು ಗಡಹಿಂಗ್ಲಜ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಇನ್ನೂ ಅಲ್ಲಿ ಕುರಿ ಕಾಯುತ್ತಾನೆ. ಬಾಯಾರ ಹೆಸರು ಬರೆಯುವುದಿಲ್ಲ. ನಾನು ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆದಿಲ್ಲ. ಕಲಿಸುವ ಹೆಂಗಸಿಗೆ ನಮ್ಮ ಕಡೆ ಬಾಯಾರು ಅನ್ನುತ್ತಾರೆ, ಅಷ್ಟೇ.

ಮೊದಲ ಸಲ ಅವರನ್ನು ನೋಡುವುದಕ್ಕೆ ಮೊದಲು ಅವರ ದನಿ ಕೇಳಿದ್ದೆ. ಕಾಲೇಜಿನ ಮೇಲಿನ ಮಹಡಿಯಲ್ಲಿ ಒಂದು ಮೂಲೆ ಕೋಣೆ. ಅಲ್ಲಿ ಕಪಾಟಿನಷ್ಟು ಎತ್ತರದ ಒಂದು ಫ್ರೀಜರು. ಐಸ್‌ಕ್ರೀಮ್ ಅಂಗಡಿಯ ಫ್ರೀಜರು ಇದರ ಮುಂದೆ ಬಿಸಿನೀರಿನ ಹಂಡೆ ಅನ್ನಬೇಕು, ಅಷ್ಟು ತಣ್ಣಗೆ ಮಾಡುವ ಮಷೀನು. ಹಿಂದಿನ ತಗಡಿನ ಪತ್ರಾ ಬಿಚ್ಚುತ್ತಿದ್ದೆ. ಒಂದು ತುಕ್ಕು ಹಿಡಿದ ಬೋಲ್ಟು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಸುತ್ತ ಎಲ್ಲರೂ ಮರಾಠಿಯವರು ಅಂತ ಧೈರ್ಯವಾಗಿ ಕನ್ನಡದಲ್ಲಿ ಬೈದೆ, "ನಿನ್ನ ಹೆಣಾ ಎತ್ತಲಿ."

ಬೆನ್ನ ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು. "ಅದರ ಹೆಣಾ ಎತ್ತಬ್ಯಾಡೋ ತಮ್ಮಾ. ಹೊಸಾದು ಬೇಕಂದ್ರ ಕಾಲೇಜಿನವ್ರು ನನ್ನ ಹೆಣಾ ಎತ್ತತಾರ."

ಎದ್ದು ನೋಡಿದೆ. ಗಿಡ್ಡ ಹೆಂಗಸು, ಬಿಳಿ ಕೋಟು, ಕೈಗೆ ರಬ್ಬರ್ ಗವಸು. ಚಸ್ಮಾ ಮೂಗಿನ ತುದಿಗೆ ಜಾರಿತ್ತು. ಬೆರಳು ಮುಟ್ಟಿಸದೆ ಮಣಿಕಟ್ಟಿನಿಂದ ಅದನ್ನು ಮೇಲಕ್ಕೆ ದೂಡಿದರು. ಕೈಗೆ ಗವಸು ಹಾಕಿಕೊಳ್ಳುವವರಿಗೆ ಆ ಚಾಳಿ ಬೀಳುತ್ತದೆ ಅಂದುಕೊಂಡೆ.

ಬಾಗಿಲು ತೆಗೆದರೆ ಒಳಗೆ ಬರೀ ಮಣ್ಣು. ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲ, ಎಲ್ಲದರಲ್ಲೂ ಬೂದಿ ಬಣ್ಣದ ಮಣ್ಣು.

"ಬಾಯಾರ, ಮಣ್ಣ ಕೆಡತೈತೇನ್ರಿ?"

"ಮಣ್ಣ ಯಾಕ ಕೆಡತೈತಿ? ಅದರಾಗ ಇದ್ದಾವು ಕೆಡತಾವು."

"ಏನ ಅದಾವ್ರಿ?"

"ವೈರಸ್."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ನಕ್ಕರು. "ಅಂಜಬ್ಯಾಡ, ಅವಕ್ಕ ನೀ ಬ್ಯಾಡ. ನಿನ್ನ ಕೈಯಾಗಿನ ಹೊಲಸು ಅವಕ್ಕ ಹತ್ತೀತು ಅಂತ ನನಗ ಅಂಜಿಕಿ. ಹೋಗು, ಸಾಬಾಣ ಹಚ್ಚಿ ಕೈ ತೊಳಕೊಂಡ ಬಾ."

ಹೊಲಸು ಅಂದಿದ್ದಕ್ಕೆ ಸಿಟ್ಟು ಬಂತು. ತೊಳೆದುಕೊಂಡು ಬಂದೆ. ಕೆಲಸ ಮುಗಿದ ಮೇಲೂ ಮಷೀನು ಸ್ವಲ್ಪ ಗುರುಗುಡುತ್ತಿತ್ತು. ಬಾಯಾರು ಬಾಗಿಲಿಗೆ ಕಿವಿ ಹಚ್ಚಿ ಕೇಳಿದರು, ಮಣಿಕಟ್ಟಿನಿಂದ ಚಸ್ಮಾ ದೂಡಿದರು, "ಭಾಳ ಛಲೋ ಆತು" ಅಂದರು. ಹದಿನೈದು ದಿನ ಕಳೆಯುವುದರೊಳಗೆ ಮತ್ತೆ ಕರೆಸಿದರು.

ಆಮೇಲೆ ಅದು ರೂಢಿಯಾಯಿತು. ಆ ಫ್ರೀಜರು ಮುದುಕ ಮಷೀನು, ತಿಂಗಳಿಗೊಮ್ಮೆ ಏನಾದರೂ ಆಗುವುದು. ಇಚಲಕರಂಜಿಯಿಂದ ಗಾಡಿ ಹೊಡೆದುಕೊಂಡು ಹೋಗುತ್ತಿದ್ದೆ. ನಾನು ಬಿಚ್ಚುವಾಗ ಅವರು ಪಕ್ಕದಲ್ಲಿ ನಿಂತು ಬಡೇಶೇಪ, ಅಂದರೆ ಸೋಂಪು, ಅಗಿಯುತ್ತ ಮಾತಾಡುತ್ತಿದ್ದರು.

ಆ ಮಣ್ಣು ಎಲ್ಲಿಯದು ಅಂತ ಕೇಳಿದ್ದಕ್ಕೆ, ಹಿಮಾಲಯದ ಆಚೆ ಬಗಲು ಅಂದರು. ಅಲ್ಲೂ ಮರುಭೂಮಿ ಇದೆಯಂತೆ, ಆದರೆ ಚಳಿಯದು. ಮಳೆ ಬೀಳುವುದಿಲ್ಲ, ಗಿಡ ಏಳುವುದಿಲ್ಲ. ಬಿಸಿಲಿಗೆ ನಿಂತರೆ ಮುಖ ಸುಡುತ್ತದೆ, ನೆರಳಿಗೆ ಸರಿದರೆ ಕೈ ಮರಗಟ್ಟುತ್ತದೆ. ಬೇಸಿಗೆ ರಜೆಯಲ್ಲಿ ಬೇರೆ ಮಾಸ್ತರರು ನೆಂಟರ ಮನೆಗೆ ಹೋದರೆ ಬಾಯಾರು ಅಲ್ಲಿಗೆ ಹೋಗಿ ಕಲ್ಲು ಎತ್ತಿ ಬುಡದ ಮಣ್ಣು ಚಮಚೆಯಿಂದ ತೆಗೆದು ತರುತ್ತಿದ್ದರು.

"ಏನೂ ಬೆಳಿಯೂದಿಲ್ಲ ಅಂತೀರಿ. ಮತ್ತ ಅದರಾಗ ಏನ ಸಿಗತೈತ್ರಿ?"

"ಏನೂ ಇಲ್ಲ ಅಂತ ನಾನೂ ತಿಳದಿದ್ದೆ. ಒಂದ ಕಲ್ಲ ಹಿಡಿ. ಬಿಸಿಲ ಬೀಳೂ ಕಡೆ ಒಂದ ಚಮಚೆ ಮಣ್ಣ, ನೆರಳ ಕಡೆ ಒಂದ ಚಮಚೆ. ಈ ಕಡೆ ಇರೂ ವೈರಸ್ ನಮೂನೀನ ಬ್ಯಾರೆ, ಆ ಕಡೆದು ಬ್ಯಾರೆ. ನಡುವ ಒಂದ ಗೇಣ ಇಲ್ಲ. ಎಣಿಸಾಕ ಹೋದ್ರ ಮುಗಿಯೂದಿಲ್ಲ. ಎಷ್ಟೋ ಅವಕ್ಕ ಹೆಸರಾನ ಇಲ್ಲ."

"ಹೆಸರ ಇಲ್ಲಂದ್ರ ಕರಿಯೂದು ಹೆಂಗ?"

"ಕರಿಯೂದ್ಯಾಕ? ಅವು ಅಲ್ಲಿ ಆರಾಮ ಅದಾವು. ನಾವ ಹೋಗಿ ಬಾಗಲಾ ಬಡಿಯಾಕತ್ತೇವಿ."

ವೈರಸ್ ಅಂದರೆ ಏನು ಅಂತ ನನಗೆ ತಲೆಗೆ ಹೋಗಿದ್ದು ಅವರು ಮಗ್ಗದ ಮಾತು ತೆಗೆದ ದಿನ. ಇಚಲಕರಂಜಿಯಲ್ಲಿ ಇರುವವನಿಗೆ ಬೇರೆ ಏನು ತಿಳಿಯುತ್ತದೆ? ಹೊತ್ತು ಹುಟ್ಟಿದರೆ ಮುಳುಗುವವರೆಗೆ ಪವರ್‌ಲೂಮಿನ ಖಟಖಟ.

"ಒಬ್ಬಾಂವನ ಹಂತೇಕ ಮಗ್ಗ ಇಲ್ಲ, ನೂಲ ಇಲ್ಲ. ಬರೇ ಒಂದ ಡಿಸೈನ್ ಐತಿ. ಅಂವಾ ಏನ ಮಾಡಬೇಕು?"

"ಬ್ಯಾರೆಯವ್ರ ಮಗ್ಗಕ್ಕ ಹಾಕಸಬೇಕು."

"ಆತಲ್ಲ. ವೈರಸ್ ಅಂದ್ರ ಬರೇ ಡಿಸೈನ್. ಮಣ್ಣಾಗಿನ ಬ್ಯಾಕ್ಟೀರಿಯಾದ ಒಳಗ ಹೊಕ್ಕು ಅದರ ಮಗ್ಗದ ಮ್ಯಾಲ ತನ್ನ ಅರಿವಿ ನೇಯತೈತಿ."

"ಆ ಮಗ್ಗದವನ ಗತಿ ಏನ್ರಿ?"

"ಒಮ್ಮೊಮ್ಮೆ ಮಗ್ಗಾನ ಮುರದ ಹೊರಗ ಬೀಳತಾವು. ಒಮ್ಮೊಮ್ಮೆ ಏನೂ ಮಾಡೂದಿಲ್ಲ, ಒಳಗ ಸುಮ್ಮ ಕುಂದರತಾವು. ಅಂಥಾ ಥಂಡ್ಯಾಗ ಸುಮ್ಮ ಕುಂದರೂವ ಜಾಸ್ತಿ. ಹೊರಗ ಬಿದ್ರ ಮುಂದ ಮಗ್ಗ ಸಿಗತೈತೋ ಇಲ್ಲೋ, ಯಾರಿಗ್ಗೊತ್ತ?"

"ಅಂದ್ರ ಮಳಿಗಾಲದಾಗ ಅಳಿಯಾ ಬಂದ ಕುಂತಂಗ."

ಬಡೇಶೇಪ ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. ಮರುದಿನ ಕ್ಲಾಸಿನಲ್ಲಿ ಇದನ್ನೇ ಮರಾಠಿ ಮಾಡಿ ಹೇಳಿದರಂತೆ. ಹುಡುಗರಿಗೆ ಅಳಿಯ ನೆನಪಿದ್ದ, ವೈರಸ್ ಮರೆತಿತ್ತು ಅಂತ ಮುಂದಿನ ಸಲ ಸಿಕ್ಕಾಗ ನನಗೇ ಬೈದರು.

ಊರಿಗೆಲ್ಲ ರೋಗ ಬಂದು ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡ ಕಾಲದಲ್ಲಿ ಅವರ ಅಪಾರ್ಟಮೆಂಟಿನವರು ಅವರನ್ನು ಲಿಫ್ಟಿನಲ್ಲಿ ಹತ್ತಗೊಡಲಿಲ್ಲ. ಮೆಟ್ಟಿಲ ಮೇಲೆ ಒಬ್ಬ ಮುದುಕಪ್ಪ ಅಡ್ಡ ನಿಂತು ಕೇಳಿದ್ದನಂತೆ, "ಮ್ಯಾಡಮ್, ತುಮೀ ವ್ಹಾಯರಸ್ ಘರೀ ಆಣತಾ ಕಾ?" ವೈರಸ್ ಮನೆಗೆ ತರುತ್ತೀರಾ ಅಂತ. ಬಾಯಾರು ಅವನಿಗೆ ಹೇಳಿದ್ದು ಒಂದೇ ಮಾತು: ನನ್ನವು ಮಣ್ಣಿನವು ಕಾಕಾ, ಅವಕ್ಕೆ ಮನುಷ್ಯರು ಅಂತ ಇದ್ದಾರೆ ಅನ್ನುವುದೇ ಗೊತ್ತಿಲ್ಲ. ಮುದುಕಪ್ಪನಿಗೆ ಅದರಿಂದ ಸಮಾಧಾನ ಆಗಲಿಲ್ಲ. ಬಾಯಾರು ಅಷ್ಟೂ ತಿಂಗಳು ಮೆಟ್ಟಿಲು ಹತ್ತಿದರು. ಅವರು ಯಾರಿಗೂ ಬೈದಿದ್ದು ನಾನು ಕೇಳಲಿಲ್ಲ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಅವರು ಜೈನರು. ಹೊತ್ತು ಮುಳುಗುವ ಮೊದಲು ಊಟ. ಸಂಜೆ ಎಷ್ಟೇ ಕೆಲಸ ಇರಲಿ, ಕಿಟಕಿಯ ಹತ್ತಿರ ಹೋಗಿ ಸೂರ್ಯನನ್ನು ನೋಡಿ ಡಬ್ಬಿ ಬಿಚ್ಚುತ್ತಿದ್ದರು. ಡಬ್ಬಿಯಲ್ಲಿ ಉಳ್ಳಾಗಡ್ಡಿ ಇಲ್ಲ, ಬಟಾಟೆ ಇಲ್ಲ. ನಾನು ಪಕ್ಕದಲ್ಲಿ ಕೂತು ವಡಾಪಾವ್ ತಿನ್ನುತ್ತಿದ್ದೆ.

"ಬಾಯಾರ, ನೀವು ದೇವರ ದಿಂಡರ ನಂಬತೀರೇನ್ರಿ?"

"ನಮ್ಮವ್ವ ನಂಬತಾಳ. ನನಗ ಇದು ರೂಢಿ."

ಗಡಹಿಂಗ್ಲಜದಲ್ಲಿ ಅವರ ತಮ್ಮನದು ಪಾತ್ರೆ-ಭಾಂಡೆ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆ ತುಂಬ ಮಕ್ಕಳು, ಗದ್ದಲ. ಆಯಿ ಅಲ್ಲೇ ಇರುತ್ತಾರೆ. ನಾನು ಊರಿಗೆ ಹೋಗುವಾಗ ಬಾಯಾರು ಒಮ್ಮೆ, "ನಮ್ಮನಿ ಫ್ರಿಜ್ ಅಷ್ಟ ನೋಡಿ ಹೋಗು" ಅಂದಿದ್ದರು. ಹೋದೆ. ಆಯಿ ಹಿತ್ತಲಲ್ಲಿ ಬಾವಿಯ ಹತ್ತಿರ ನೀರು ಗಾಳಿಸುತ್ತಿದ್ದರು, ಅಂದರೆ ಸೋಸುತ್ತಿದ್ದರು. ನಲ್ಲಿಯ ನೀರು ಅವರು ಮುಟ್ಟುವುದಿಲ್ಲ. ತಮ್ಮದೇ ಹಳೆಯ ಬಿಳಿ ನೂಲಿನ ಸೀರೆಯ ಅರಿವೆ, ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಿ ನೀರು ಸುರಿದರು. ಅಷ್ಟಕ್ಕೇ ಮುಗಿಯಲಿಲ್ಲ. ಅರಿವೆಯನ್ನು ಮೆಲ್ಲಗೆ ಮಗುಚಿ ಗಾಳಿಸಿದ ನೀರಿನಿಂದಲೇ ತೊಳೆದು, ಆ ತೊಳೆದ ನೀರನ್ನು ಒಂದು ಸಣ್ಣ ಕೊಡದಲ್ಲಿ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರು. ಕೊಡ ನೀರು ಮುಟ್ಟಿದ ಮೇಲೆ ಮೆಲ್ಲಗೆ ಬೋರಲು ಮಾಡಿದರು.

"ಮ್ಯಾಲಿಂದ ಒಗದ್ರ ಆಗೂದಿಲ್ಲೇನ್ರಿ?"

"ಅರಿವ್ಯಾಗ ಸಣ್ಣ ಸಣ್ಣ ಜೀವ ಸಿಕ್ಕಿರತಾವಪಾ. ಮ್ಯಾಲಿಂದ ಒಗದ್ರ ಅವಕ್ಕ ಪೆಟ್ಟ ಆಗತೈತಿ. ಎಲ್ಲಿವು ಅಲ್ಲೇ ಹೋಗಬೇಕು. ಈ ಬಾವಿವು ಈ ಬಾವಿಗೇ. ಬ್ಯಾರೆ ಬಾವ್ಯಾಗ ಬಿಟ್ರ ಸಾಯತಾವು."

ನನಗೆ ನಗು ಬಂತು. ತಡೆದುಕೊಂಡೆ. ನೀರು ಕೊಟ್ಟರು.

"ಏನ ತಿಂತಿ ನೀನು?"

"ಎಲ್ಲಾ ತಿಂತೇನ್ರಿ. ನಮ್ಮಪ್ಪ ಕುರಿ ಸಾಕತಾನ."

"ಸಾಕತಾನೋ, ತಿಂತಾನೋ?"

"ಎರಡೂ ರೀ."

"ಸುಳ್ಳರ ಹೇಳಲಿಲ್ಲ, ಬಿಡು," ಅಂದರು. ನನಗೆ ಕೊಟ್ಟ ಲೋಟ ಬೇರೆ ಇತ್ತು. ಇರಲಿ.

ಮಹಾಪೂರ ಬಂದ ವರ್ಷದ ಮಾತು ಈಗ ಹೇಳಬೇಕು. ಪಂಚಗಂಗೆ ಉಕ್ಕಿ ಕೊಲ್ಹಾಪುರದ ಕೆಳಗಿನ ಗಲ್ಲಿಗಳಿಗೆ ನೀರು ಬಂತು. ಕಾಲೇಜಿಗೆ ನೀರು ಬರಲಿಲ್ಲ, ಕರೆಂಟು ಹೋಯಿತು. ಜನರೇಟರು ಇತ್ತು, ಡೀಸೆಲ್ ಸಿಗಲಿಲ್ಲ. ಬೆಳಿಗ್ಗೆ ಬಾಯಾರ ಫೋನು ಬಂತು.

"ಮಿಸ್ತ್ರಿ, ನಿಮ್ಮಲ್ಲೆ ಬರ್ಫ ಸಿಗತೈತೇನು?"

ಗೆಳೆಯನ ಟೆಂಪೋ ತೆಗೆದುಕೊಂಡೆ, ಬರ್ಫದ ಫ್ಯಾಕ್ಟರಿಗೆ ಹೋಗಿ ಮಂಜುಗಡ್ಡೆಯ ಗಟ್ಟಿಗಳನ್ನು ಹೇರಿದೆ, ಒಂದು ಚೀಲ ಉಪ್ಪು ತೆಗೆದುಕೊಂಡೆ. ಹಾತಕಣಂಗಲೆಯ ಕಡೆ ರಸ್ತೆಗೆ ನೀರು ಬರುವ ಮೊದಲು ದಾಟಿದೆ. ಕೊಲ್ಹಾಪುರದಲ್ಲಿ ಬಾಯಾರು ಮಣ್ಣಿನ ಚೀಲಗಳನ್ನೆಲ್ಲ ಥರ್ಮೋಕೋಲ್ ಪೆಟ್ಟಿಗೆಗಳಿಗೆ ತುಂಬಿ ಮೆಟ್ಟಿಲ ಮೇಲೆ ಕೂತಿದ್ದರು. ಬರ್ಫ ಒಡೆದು ಉಪ್ಪು ಬೆರೆಸಿ ಸುತ್ತ ತುಂಬಿದೆವು. ಗಡಹಿಂಗ್ಲಜಕ್ಕೆ ಹೋಗುವುದು ಅಂತ ಅವರೇ ಹೇಳಿದರು. ಅಲ್ಲಿ ಕರೆಂಟು ಇತ್ತು. ನನ್ನ ಗಿರಾಕಿ ಒಬ್ಬ ಐಸ್‌ಕ್ರೀಮಿನವನ ಫ್ರೀಜರು ಮಳೆಗಾಲಕ್ಕೆ ಖಾಲಿ ಬಿದ್ದಿತ್ತು. ಅದನ್ನು ಬಾಯಾರ ತಮ್ಮನ ಮನೆಗೆ ತಂದು ಇಡು ಅಂತ ಅವನಿಗೆ ಫೋನಿನಲ್ಲೇ ಹೇಳಿದೆ.

ಎಲ್ಲ ಪೆಟ್ಟಿಗೆ ಹಿಂದೆ ಇಟ್ಟರೂ ಒಂದು ಸಣ್ಣ ಪೆಟ್ಟಿಗೆ ಬಾಯಾರ ತೊಡೆಯ ಮೇಲೇ ಇತ್ತು. ಕಾಗಲ ದಾಟಿದ ಮೇಲೆ ಕೇಳಿದೆ, "ಅದರಾಗ ಏನ ಬಂಗಾರ ಐತೇನ್ರಿ?"

ಮುಚ್ಚಳ ಎತ್ತಿ ತೋರಿಸಿದರು. ಒಂದೇ ಚೀಲ. ಬಿಳಿ ನೂಲಿನ ಅರಿವೆಯಲ್ಲಿ ಎರಡು ಸುತ್ತು ಸುತ್ತಿ ಗಂಟು ಹಾಕಿತ್ತು.

"ಹ್ವಾದ ವರ್ಷದ್ದು. ಒಣಗಿದ ಹೊಳಿ ದಂಡಿ ಮ್ಯಾಲ ಒಂದ ಕರೀ ಕಲ್ಲ ಇತ್ತು, ಅದರ ಬುಡದ್ದು. ಇದನ್ನ ತಗದ ಮ್ಯಾಲ ನನಗ ಉಸರ ಹತ್ತಲಿಲ್ಲ. ಮಿಲ್ಟ್ರಿ ಗಾಡಿಯವ್ರು ಕೆಳಗ ಇಳಸ್ಕೊಂಡ ಬಂದ್ರು. ಇನ್ನ ಆ ಕಡೆ ಕಾಲ ಇಟ್ರ ನನ್ನ ಕೈಲೆ ಏನೂ ಆಗೂದಿಲ್ರೀ ಅಂತ ಡಾಕ್ಟರ ಹೇಳ್ಯಾನ."

"ಈಗ ಹೆಂಗೈತ್ರಿ ಉಸರು?"

ಚಸ್ಮಾ ಮಣಿಕಟ್ಟಿನಿಂದ ದೂಡಿದರು. "ಆರಾಮ ಐತಿ."

ಆ ಚೀಲದ ತುಸು ಮಣ್ಣನ್ನು ಅವರು ಆಗಲೇ ನೋಡಿದ್ದರಂತೆ. ಅದರಲ್ಲಿ ಸಿಕ್ಕ ವೈರಸ್‌ಗಳಿಗೆ ಜಗತ್ತಿನಲ್ಲಿ ಎಲ್ಲೂ ಬಂಧು ಬಳಗ ಸಿಗಲಿಲ್ಲವಂತೆ. ಉಳಿದದ್ದರಲ್ಲಿ ಅರ್ಧ ಬೇರೆ ಊರಿನ ದೊಡ್ಡ ಲ್ಯಾಬಿಗೆ ಕಳಿಸಬೇಕು, ಮಳೆ ಮುಗಿಯಲಿ ಅಂತ ಬಿಟ್ಟಿದ್ದರು. ಇದು ಹೋದರೆ ಮತ್ತೆ ತರುವ ಹಾಗಿಲ್ಲ. ಅದಕ್ಕೇ ಎಲ್ಲ ಚೀಲಗಳ ನಡುವೆ ಗುರುತು ಸಿಗಲಿ ಅಂತ ಅವ್ವನ ಹಳೆ ಸೀರೆಯ ಅರಿವೆಯಲ್ಲಿ ಕಟ್ಟಿದ್ದರು.

"ಆಯಿಗೆ ಇದೆಲ್ಲಾ ಗೊತ್ತೈತೇನ್ರಿ?"

ಬಾಯಾರು ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ ಹೇಳಿದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವ್ವ ಕೇಳಿದ್ದರಂತೆ, ನೋಡಿ ಆದ ಮೇಲೆ ಆ ಜೀವಗಳನ್ನು ಏನು ಮಾಡುತ್ತೀ ಅಂತ. ಇವರು ಇದ್ದದ್ದು ಇದ್ದ ಹಾಗೆ ಹೇಳಿದರು: ದೊಡ್ಡ ಕುಕ್ಕರಿನಲ್ಲಿ ಹಾಕಿ ಕುದಿಸುತ್ತೇವೆ, ಒಂದೂ ಉಳಿಯುವುದಿಲ್ಲ.

"ಅವತ್ತ ಅವ್ವ ಊಟಾ ಬಿಟ್ಲು. ಮರದಿನಾನೂ ಬಿಟ್ಲು. ಬೈಲಿಲ್ಲ, ಏನಿಲ್ಲ. ಅವತ್ತಿನಿಂದ ಇವತ್ತಿನತನಾ ನನ್ನ ಕೆಲಸದ್ದ ಒಂದ ಮಾತ ಕೇಳಿಲ್ಲ. ಅಡಗಿ ಕೇಳತಾಳ, ನೆಗಡಿ ಕೇಳತಾಳ. ಕೆಲಸ ಕೇಳೂದಿಲ್ಲ."

ಸಂಕೇಶ್ವರದಲ್ಲಿ ಗಾಡಿ ನಿಲ್ಲಿಸಿ ಪೆಟ್ಟಿಗೆಗಳ ಬರ್ಫ ನೋಡಿದೆ.

ಮನೆಯ ಪಡಸಾಲೆಯಲ್ಲಿ ಫ್ರೀಜರು ಬಂದು ಕೂತಿತ್ತು. ಥಂಡಿ ಊರವು, ಲಗೂ ಇಡು ಅಂತ ಬಾಯಾರು ನನಗೆ ಅವಸರ ಮಾಡುತ್ತಿದ್ದರು, ಚೀಲಗಳನ್ನು ಒಳಗೆ ಜೋಡಿಸಿದೆವು. ಅರಿವೆಯ ಗಂಟು ಎಲ್ಲದರ ಮೇಲೆ. ತಮ್ಮನ ಹೆಂಡತಿ ಇಣುಕಿ, "ಅಕ್ಕಾ, ಒಂದ ಮೂಲ್ಯಾಗ ನಮ್ಮ ಶ್ರೀಖಂಡ ಇಡಲೇನು?" ಅಂದಳು. ಬಾಯಾರು ಕಣ್ಣು ಬಿಟ್ಟ ರೀತಿಗೆ ಆಕೆ ಮತ್ತೆ ಆ ಕಡೆ ಬರಲಿಲ್ಲ.

ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೊನೆಗೆ ಕೇಳಿದರು, ಮಗಳನ್ನಲ್ಲ, ನನ್ನನ್ನು: "ಇದರಾಗ ಏನೈತೋ?"

ನಾನು ಬಾಯಿ ತೆಗೆಯುವ ಮೊದಲೇ ಬಾಯಾರು ಹೇಳಿದರು, "ಜೀವ ಅದಾವವ್ವಾ. ಎಣಿಕಿ ಇಲ್ಲದಷ್ಟು."

ಆಯಿ ಒಳಗೆ ಹೋದರು.

ಇಚಲಕರಂಜಿಯಲ್ಲಿ ನೀರು ಹೊಕ್ಕ ಅಂಗಡಿಗಳ ಫ್ರಿಜ್ಜುಗಳು ನನಗಾಗಿ ಕಾಯುತ್ತಿದ್ದವು. ಮನೆಗೆ ನೀರು ಹೊಕ್ಕವರನ್ನು ಕಾಲೇಜಿನಲ್ಲಿ ಇರಿಸಿದ್ದರು, ಬಾಯಾರು ಅವರ ಊಟದ ವ್ಯವಸ್ಥೆ ನೋಡಬೇಕಿತ್ತು. ಇಬ್ಬರೂ ಟೆಂಪೋದಲ್ಲಿ ಹಿಂದಿರುಗಿದೆವು. ನೀರು ಇಳಿದು ಕಾಲೇಜಿನಲ್ಲಿ ಕರೆಂಟು ಬಂದ ಮೇಲೆ ಮಣ್ಣು ತರಲು ಮತ್ತೆ ಹೋದೆವು. ಬಾಯಾರು ದಾರಿಯುದ್ದಕ್ಕೂ ಖುಷಿಯಲ್ಲಿದ್ದರು. ಒಂದು ಚೀಲವೂ ಕರಗಿರಲಿಕ್ಕಿಲ್ಲ ಮಿಸ್ತ್ರಿ, ಒಂದೂ, ಅನ್ನುತ್ತಿದ್ದರು.

ಫ್ರೀಜರಿನ ಮುಚ್ಚಳ ತೆಗೆದೆ. ಎಲ್ಲ ಕಲ್ಲಿನ ಹಾಗೆ ಗಟ್ಟಿ ಇದ್ದವು. ಮೇಲಿನ ಅರಿವೆಯ ಗಂಟು ಇರಲಿಲ್ಲ.

ಆ ಅರಿವೆ ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿತ್ತು. ಒಗೆದು, ಸೆಳೆದು, ಸುಕ್ಕು ಇಲ್ಲದ ಹಾಗೆ ಹಾಕಿತ್ತು.

"ಅವ್ವಾ," ಬಾಯಾರು ಕೇಳಿದರು, "ಇದರಾಗಿಂದು ಎಲ್ಲೈತಿ?"

ಆಯಿ ಬಂದರು. ಮುಖದಲ್ಲಿ ಒಂದು ಥರದ ಸಮಾಧಾನ ಇತ್ತು. "ಬಿಟ್ಟೇನವಾ. ನೀ ಹ್ವಾದ ಮ್ಯಾಲ ತಗದ ನೋಡಿದೆ. ಗಾಳಸೂ ಅರಿವ್ಯಾಗ ಕಟ್ಟಿದ್ದಿ. ಆಗ ತಿಳೀತು, ಬಿಡೂ ಸಲುವಾಗಿ ಇಟ್ಟಾಳ, ನನಗ ಬಾಯಿಬಿಟ್ಟ ಹೇಳಾಕ ಆಗವಲ್ದು ಅಂತ. ಗಾಳಸೂ ಅರಿವ್ಯಾಗ ಜೀವ ಹಂಗ ಇಟ್ಕೊಂಡ ಕುಂದರಾಕ ಬರತೈತೇನು? ಅದೂ ಚಾತುರ್ಮಾಸದಾಗ? ಉಳಿದ ಚೀಲಾ ಮುಟ್ಟಿಲ್ಲ ನಾ, ಅವು ನಿನ್ನ ಕೆಲಸದ್ವು."

ಆಯಿ, ಏನ ಮಾಡಿದ್ರಿ ನೀವು, ಅಂತ ಕೂಗುವವನಿದ್ದೆ. ಬಾಯಾರು ನನ್ನ ತೋಳು ಹಿಡಿದರು. ಗಟ್ಟಿಯಾಗಿ ಹಿಡಿದರು.

"ಎಲ್ಲಿ ಬಿಟ್ಟಿ?"

ಆಯಿ ಕರೆದುಕೊಂಡು ಹೋದರು. ಬಾವಿಯ ಗೋಡೆಯ ಬಡಗಣ ಬದಿ, ಬಿಸಿಲು ಬೀಳದ ಜಾಗ. ಗೋಡೆಗೆ ಪಾಚಿ ಕಟ್ಟಿತ್ತು. ಬುಡದಲ್ಲಿ ನಮ್ಮ ಕೆಂಪು ಮಣ್ಣಿನ ನಡುವೆ ರೊಟ್ಟಿಯಷ್ಟಗಲ ಬೂದಿ ಬಣ್ಣ. ಸುತ್ತ ಸಣ್ಣ ಕಲ್ಲು ಜೋಡಿಸಿತ್ತು, ಯಾರೂ ತುಳಿಯದ ಹಾಗೆ.

"ಬಾವ್ಯಾಗ ಬಿಡಲಿಲ್ಲ. ಅವು ಈ ಬಾವಿವಲ್ಲ. ಥಂಡಿ ಊರವು ಅಂದಿದ್ದಿ ಅಲ್ಲ ಈ ಮಿಸ್ತ್ರಿ ಮುಂದ, ಹಿಂಗಾಗಿ ಥಂಡಿ ಜಾಗಾ ನೋಡಿದೆ. ಇದಕ್ಕಿಂತಾ ಥಂಡಿ ನಮ್ಮನ್ಯಾಗ ಇಲ್ಲ."

ಬಾಯಾರು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಮಳೆ ಬಿದ್ದು ಬಿದ್ದು ಆ ಮಣ್ಣು ಆಗಲೇ ನಮ್ಮ ಮಣ್ಣಿನ ಜೊತೆ ಕಲೆತು ಹೋಗಿತ್ತು. ಅದನ್ನು ಇನ್ನು ಎತ್ತಿ ಏನೂ ಮಾಡುವ ಹಾಗಿಲ್ಲ ಅಂತ ನನಗೇ ತಿಳಿಯುತ್ತಿತ್ತು. ಅವರು ಎತ್ತಲಿಲ್ಲ. ಒಂದು ಕಲ್ಲು ಸರಿದಿತ್ತು, ಅದನ್ನು ಸರಿಯಾಗಿ ಇಟ್ಟರು.

"ನೀರ ಹಾಕಿದೇನವ್ವಾ?"

"ತುಸು ಚಿಮಕಿಸಿದೆ."

"ಗಾಳಿಸಿ?"

"ಗಾಳಸದ ಹಾಕತೇನೇನು?"

ಬಾಯಾರು ನಕ್ಕರು. ಕಣ್ಣಲ್ಲಿ ನೀರು ಇತ್ತು, ನಗುತ್ತಿದ್ದರು. ಆಗ ಆಯಿ ಕೇಳಿದರು. ಅಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದು.

"ಎಷ್ಟ ನಮೂನಿ ಅದಾವಂತ ಇದರಾಗ?"

ಬಾಯಾರು ಹಸಿ ನೆಲದ ಮೇಲೇ ಕೂತುಬಿಟ್ಟರು. ಕರಿ ಕಲ್ಲಿನ ಸುದ್ದಿ ಹೇಳಿದರು, ಒಣಗಿದ ಹೊಳೆಯ ಸುದ್ದಿ ಹೇಳಿದರು. ಬಿಸಿಲಿನ ಬದಿ ಬೇರೆ, ನೆರಳಿನ ಬದಿ ಬೇರೆ ಅಂದರು. ಒಂದು ಬ್ಯಾಕ್ಟೀರಿಯಾದ ಒಳಗೆ ಒಂದು ಬಿಡಾರ ಹೂಡಿ ಸುಮ್ಮನೆ ಕೂತಿರುತ್ತದೆ ಅಂದರು. ಅಳಿಯನ ಮಾತು ನನ್ನ ಹೆಸರು ಹೇಳಿ ಹೇಳಿದರು. ಆಯಿ ಬಾವಿಯ ಕಟ್ಟೆಗೆ ಕೂತು ಕೇಳಿದರು. ಒಳಗಿನಿಂದ ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ. ಹೊತ್ತು ಇಳಿಯುತ್ತಿತ್ತು. ಕೊನೆಗೆ ನಾನೇ, "ಸೂರ್ಯಾ ಹೊಂಟಾನ್ರಿ, ಏಳ್ರಿ ಇಬ್ಬರೂ," ಅಂದೆ.

ಹಿಂದಿರುಗುವಾಗ ನಾನು ಟೆಂಪೋದಲ್ಲಿ ಒದರಾಡಿದೆ. "ಬಾಯಾರ, ಅದು ಹೋತಲ್ಲ. ಸಿಗೂದಿಲ್ಲ ಅಂದ್ರಿ. ಆಯಿಗೆ ಒಂದ ಮಾತ ಹೇಳಬಾರದಿತ್ತೇನ್ರಿ?"

"ಏನ ಹೇಳಲಿ?"

"ಅವು ಸತ್ತಾವು ಅಂತ."

"ಸತ್ತಾವು ಅಂತ ನನಗ ಗೊತ್ತಿಲ್ಲ. ನೋಡದ ಹೇಳಾಕ ಬರೂದಿಲ್ಲ." ನನ್ನ ಕಡೆ ತಿರುಗಿ ಹೇಳಿದರು, "ಮಿಸ್ತ್ರಿ, ಇಷ್ಟ ವರ್ಷ ನಾ ಅವನ್ನ ನೋಡಿನಿ, ಬರದಿನಿ, ಕುದಿಸಿನಿ. ಅವಕ್ಕ ನೆರಳ ಎಲ್ಲೈತಿ ಅಂತ ಹುಡುಕಿದಾಕಿ ನಮ್ಮವ್ವ."

ಆಮೇಲೆ ನೋಡಿದರು. ಪ್ರತಿ ಸಲ ಗಡಹಿಂಗ್ಲಜಕ್ಕೆ ಹೋದಾಗ ಆ ಕಲ್ಲಿನ ಸುತ್ತಿನೊಳಗಿನಿಂದ ಒಂದು ಚಮಚೆ ಮಣ್ಣು ತರುವುದು, ಲ್ಯಾಬಿನಲ್ಲಿ ಹುಡುಕುವುದು. ನಾನು ಕೇಳುತ್ತಿದ್ದೆ, ಸಿಕ್ಕವೇನ್ರಿ ಅಂತ. ಇಲ್ಲ ಅನ್ನುತ್ತಿದ್ದರು. ಬರೀ ನಮ್ಮ ಕಡೆಯವೇ. ಅವಕ್ಕೆ ಬೇಕಾದ ಮಗ್ಗ ಇಲ್ಲಿ ಇಲ್ಲ; ಯಾವುದಾದರೂ ಒಂದು ಎಲ್ಲೋ ಒಳಗೆ ಕೂತಿದ್ದರೂ ನನ್ನ ಕಣ್ಣಿಗೆ ಬೀಳಲಿಲ್ಲ ಅಂದರು. ಅಷ್ಟು ಹೇಳುವಾಗ ಕೈ ತೊಡೆಯ ಮೇಲೆ ಇತ್ತು, ಚಸ್ಮಾ ಜಾರಿದ್ದು ಜಾರಿದ್ದಲ್ಲೇ.

ಆಯಿಯ ಮುಂದೆ ಬೇರೆ ಹೇಳುತ್ತಿದ್ದರು. ನಾನು ಹತ್ತಿರದಲ್ಲೇ ಇದ್ದೆ, ಕೇಳಿದ್ದೇನೆ.

"ಅದಾವೇನವಾ?"

ಚಸ್ಮಾ ದೂಡಿ, "ಅದಾವವ್ವಾ. ಆರಾಮ ಅದಾವು."

ಅವರಿಗೆ ಎದೆಯ ಬೇನೆ ಹೆಚ್ಚಾಯಿತು. ಮನೆಗೆ ಆಕ್ಸಿಜನ್ ಮಷೀನು ಬಂತು; ಅದರ ಫಿಲ್ಟರು ಸ್ವಚ್ಛ ಮಾಡಲು ನಾನೇ ಹೋಗುತ್ತಿದ್ದೆ. ಕಾಲೇಜಿನ ಫ್ರೀಜರಿನಲ್ಲಿ ಉಳಿದ ಚೀಲಗಳನ್ನೆಲ್ಲ ಆ ದೊಡ್ಡ ಲ್ಯಾಬಿಗೆ ಕಳಿಸಿ ಆದ ಮೇಲೆ ಬಾಯಾರು ನನಗೆ ಹೇಳಿದರು, ಇನ್ನು ಆ ಮುದುಕ ಮಷೀನಿಗೆ ಬೈಯುವ ಕೆಲಸ ನಿನಗಿಲ್ಲ ಅಂತ. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಮೂಗಿಗೆ ನಳಿಕೆ ಇತ್ತು. "ಬರೂ ವಾರ ಮನಿಗೆ ಹೋಗತೇನಿ," ಅಂದರು. ಕೈ ಎತ್ತಿದರು, ನಳಿಕೆ ಅಡ್ಡ ಬಂತು, ಆದರೂ ಚಸ್ಮಾ ಮೇಲಕ್ಕೆ ದೂಡಿದರು. ಬರುವ ವಾರ ಬರಲಿಲ್ಲ.

ಇದನ್ನೆಲ್ಲ ಬರೆದುಕೊಂಡು ಮೊನ್ನೆ ಗಡಹಿಂಗ್ಲಜಕ್ಕೆ ಹೋಗಿದ್ದೆ. ಮಣ್ಣು ಬಿಟ್ಟ ಮಾತು ಇಡಲೋ ಬೇಡವೋ ಅಂತ ಆಯಿಯನ್ನು ಕೇಳಬೇಕಿತ್ತು. ಅವರು ಮೊದಲಿನ ಹಾಗೇ ಬಾವಿಯ ಹತ್ತಿರ ಇದ್ದರು. ನೀರು ಕೊಟ್ಟರು. ಲೋಟ ಈಗ ಯಾವುದು ಕೈಗೆ ಸಿಕ್ಕರೆ ಅದು. ಕೂತು ಪೂರ್ತಿ ಓದಿಸಿಕೊಂಡರು. ಮಗಳು ಲ್ಯಾಬಿನಲ್ಲಿ ಹುಡುಕಿ ಇಲ್ಲ ಅಂದ ಜಾಗ ಬಂದಾಗ ನಾನು ಹಾರಿಸಿ ಓದಲು ನೋಡಿದೆ.

"ಹಾರಸಬ್ಯಾಡ," ಅಂದರು. "ನನಗ ಗೊತ್ತಿತ್ತು. ಆಕಿ ಸಣ್ಣಾಕಿ ಇದ್ದಾಗಿಂದ ಸುಳ್ಳ ಹೇಳೂಮುಂದ ಹಿಂಗ ಮಣಿಕಟ್ಟಿಲೆ ಮೂಗ ತಿಕ್ಕೂಕಿ. ಚಸ್ಮಾ ಆಮ್ಯಾಲ ಬಂತು."

"ಮತ್ತ ಪ್ರತಿ ಸಲ ಯಾಕ ಕೇಳತಿದ್ರಿ, ಆಯಿ?"

"ಕೇಳಿದ್ರ ಕುಂತ ಮಾತಾಡತಿದ್ಲಲ್ಲೋ."

ಅರಿವೆ ಮಗುಚಿ ತೊಳೆದರು. ಸಣ್ಣ ಕೊಡ ಬಾವಿಗೆ ಇಳಿಸಿ ಬೋರಲು ಮಾಡಿದರು. ಉಳಿದ ನೀರನ್ನು ಅಂಗೈಯಲ್ಲಿ ತೆಗೆದುಕೊಂಡು ಗೋಡೆಯ ಬಡಗಣ ಬದಿಗೆ ಹೋದರು. ಕಲ್ಲುಗಳು ಇದ್ದಲ್ಲೇ ಇದ್ದವು. ಬೂದಿ ಬಣ್ಣ ಕಾಣಲಿಲ್ಲ, ಎಲ್ಲ ಒಂದೇ ಕೆಂಪು. ನೀರು ಚಿಮುಕಿಸಿದರು. ಬಾಗಿದವರು ಹಾಗೇ ನನ್ನ ಕಡೆ ತಿರುಗಿದರು.

"ಮಿಸ್ತ್ರಿ, ನೀ ಮುಖಾ ನೋಡಿ ಮಾತಾಡಾಂವ ಅಲ್ಲ. ನೀ ಹೇಳು. ಅದಾವೇನು?"

ನಾನು ಗಿರಾಕಿಗಳಿಗೆ ಕಂಪ್ರೆಸರ್ ಹೋಗಿದೆ ಅಂದರೆ ಹೋಗಿದೆ ಅಂತಲೇ ಹೇಳುತ್ತೇನೆ. ಒಬ್ಬರಿಗೂ ಸುಳ್ಳು ಸಮಾಧಾನ ಹೇಳಿದವನಲ್ಲ.

"ಅದಾವ್ರಿ ಆಯಿ," ಅಂದೆ. "ಆರಾಮ ಅದಾವು."

ಆಯಿ ನಗುತ್ತ ನನ್ನ ಕೈ ನೋಡಿದರು. ನಾನೂ ನೋಡಿದೆ. ನನಗೆ ಚಸ್ಮಾ ಇಲ್ಲ. ಮಣಿಕಟ್ಟು ಮೂಗಿನ ಮೇಲೆ ಇತ್ತು.

"ಕುಂದರು," ಅಂದರು. "ಎಷ್ಟ ನಮೂನಿ ಅದಾವಂತ, ಹೇಳು."

ಕಟ್ಟೆಯ ಮೇಲೆ ಕೂತು, ಕರಿ ಕಲ್ಲಿನಿಂದ ಶುರು ಮಾಡಿದೆ.